ನೀಲವ್ವ ಎದ್ದುಹೋದ ರವಿವಾರ

ಕೆರೆಹಾಳದ ಸಭಾಪಾಲಕರಾಗಿದ್ದ ಪೂಜ್ಯ ದೇವಪುತ್ರಯ್ಯನವರ ಮನೆಯೆಂದರೆ ಚರ್ಚಿನ ಹಿಂದಿನ ಒಂದು ಹಂಚಿನ ಕೋಣೆ. ಚಾಪೆ, ನೀರಿನ ಕೊಡ, ಸತ್ಯವೇದ, ಇಷ್ಟೇ ಅಲ್ಲಿದ್ದದ್ದು. ಅಂದು ಬೆಳಿಗ್ಗೆ ಅವರು ಹರಿದ ಹಾಡಿನ ಪುಸ್ತಕಗಳಿಗೆ ಮೈದಾ ಅಂಟು ಹಚ್ಚುತ್ತ ಕುಳಿತಿದ್ದರು. ಹಾಡುವವರು ಕಡಿಮೆಯಾಗಿದ್ದರೂ ಅವರು ಪುಸ್ತಕಗಳ ಆರೈಕೆ ಬಿಟ್ಟಿರಲಿಲ್ಲ.

ಸಭೆಯ ಹಿರಿಯರಾದ ಎಲಿಷಪ್ಪನವರು ಬಾಡಿದ ಮುಖ ಹೊತ್ತು ಬಂದರು. ಇನ್ನೂರು ಜನ ಸೇರುತ್ತಿದ್ದ ಆರಾಧನೆಗೆ ಈಗ ನಲವತ್ತು ಜನ. ಹೀಗೇ ಆದರೆ ಇಲ್ಲಿನ ಸಭೆಯನ್ನು ಪೇಟೆಯ ಚರ್ಚಿಗೆ ಸೇರಿಸುತ್ತೇವೆಂದು ಮೇಲಿನವರ ಕಾಗದ ಬಂದಿತ್ತು. ತಮ್ಮ ಅಜ್ಜ ಕಟ್ಟಿಸಿದ ಚರ್ಚಿಗೆ ಬೀಗ ಬೀಳುವುದನ್ನು ನೋಡಲು ಎಲಿಷಪ್ಪನವರಿಂದಾಗದು.

"ಅಯ್ಯಾರ, ಹೊರಗಿನ ಬೋಧಕರನ್ನ ಕರಸೂಣ್ರಿ. ದೊಡ್ಡ ಮೈಕ್ ಹಚ್ಚೂಣು. ಹೆಂಗರ ಮಾಡಿ ಜನ ಬರಬೇಕ್ರಿ."

ಅಯ್ಯನವರು ಮೆಲ್ಲಗೆ ಕೇಳಿದರು: "ರೊಟ್ಟಿ ಮಾಡೂ ನೀಲವ್ವ ಒಮ್ಮೆ ಬಂದಿದ್ಲಲ್ರಿ, ನೆನಪೈತ್ರೇನು?"

ಎಲಿಷಪ್ಪನವರಿಗೆ ನೆನಪಾಗಲು ಹೊತ್ತು ಹಿಡಿಯಿತು. ಹೆಂಗಸರ ಕಡೆಯ ಮೊದಲ ಬೆಂಚಿನಲ್ಲಿ ಅವರು ತಮ್ಮ ತೀರಿಹೋದ ತಾಯಿಯ ಜಾಗವನ್ನು ಬಿಳಿ ವಸ್ತ್ರ ಹಾಸಿ ಖಾಲಿ ಇಡಿಸಿದ್ದರು. ಮೂರು ವರ್ಷದ ಹಿಂದೆ, ಇದನ್ನರಿಯದೆ, ಹೊಸದಾಗಿ ಬಂದ ನೀಲವ್ವ ಅಲ್ಲಿ ಕುಳಿತಳು. ಹಾಡು ನಡೆದಿರುವಾಗಲೇ ಅವರು ಹೋಗಿ, ಮರ್ಯಾದೆಯಿಂದಲೇ, ಅವಳನ್ನು ಎಬ್ಬಿಸಿದರು. ಅವಳು ನೇರ ಹೊರಗೆ ನಡೆದಳು. ಎಲಿಷಪ್ಪನವರು ಕೆಟ್ಟವರಲ್ಲ. ಆದರೆ ಒಳ್ಳೆಯವರು ತಪ್ಪು ಮಾಡುವಾಗ ತಡೆಯುವವರೇ ಇರುವುದಿಲ್ಲ, ಏನು ಮಾಡೋಣ!

"ನೀವು ಎಬ್ಬಿಸಿದ್ರಿ. ನಾ ನೋಡಿನೂ ಹಾಡು ನಿಲ್ಲಸ್ಲಿಲ್ಲ," ಎಂದರು ಅಯ್ಯನವರು. "ನಡೀರಿ, ಆಕಿ ಮನಿಗೆ ಹೋಗೂಣು."

ನೀಲವ್ವ ಹಿಟ್ಟಿನ ಕೈ ಒರೆಸಿಕೊಂಡು ಕಂಬಳಿ ಹಾಸಿದಳು, ಮಜ್ಜಿಗೆ ಕೊಟ್ಟಳು. ಬಂದ ಕಾರಣ ಕೇಳಿ ಒಲೆಯ ಮೇಲಿನ ಹಂಚು ಕೆಳಗಿಳಿಸಿದಳು.

"ಸಿಟ್ಟೇನಿಲ್ರಿ ಅಯ್ಯಾರ. ಅವತ್ತ ನನ್ನ ಮಗಳಿಗೆ ಜ್ವರ ಭಾಳ ಇತ್ರಿ. ಪ್ರಾರ್ಥನಿ ಮಾಡಸಾಕ ಬಂದಿದ್ದೆ. ಹೇಳಾಕ ಆಗ್ಲಿಲ್ಲ. ಮುಂದಿನ ರವಿವಾರಕ್ಕ ಆಕಿ ಇರಲಿಲ್ರಿ."

ಎಪ್ಪತ್ತು ದಾಟಿದ ಅಯ್ಯನವರು ಕಂಬಳಿಯಿಂದಿಳಿದು ನೆಲಕ್ಕೆ ಹಣೆ ಹಚ್ಚಿದರು. "ನನ್ನ ಕ್ಷಮಿಸವ್ವಾ" ಎಂದರು. ಎಂದೂ ಯಾರಿಗೂ ಬಾಗದ ಎಲಿಷಪ್ಪನವರು ಅವರ ಪಕ್ಕದಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತರು. ನೀಲವ್ವ ಇಬ್ಬರನ್ನೂ ಎಬ್ಬಿಸಿದಳು. "ಕ್ಷಮಾ ಮಾಡೀನ್ರಿ. ಆದ್ರ ಮತ್ತ ಅಲ್ಲಿಗೆ ಬರಾಕ ಕಾಲು ಏಳೂದಿಲ್ರಿ" ಎಂದಳು.

ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ, ಚಿಂತಿಸದೆ ಇರಲಾಗಬೇಕಲ್ಲ. ಅವಳು ಬರಲೇ ಇಲ್ಲ. ಎರಡು ವರ್ಷಕ್ಕೆ ಕೆರೆಹಾಳದ ಆರಾಧನೆಯೂ ನಿಂತಿತು. ಅಯ್ಯನವರಂಥ ಸಂತರ ಕಥೆಯೆಂದು ಈ ಸೋಲನ್ನು ಮುಚ್ಚಿಡಲು ನನಗೆ ಮನಸ್ಸಾಗದು.

ಎಲಿಷಪ್ಪನವರು ಈಗ ಪೇಟೆಯ ಚರ್ಚಿಗೆ ಎಲ್ಲರಿಗಿಂತ ಮೊದಲು ಬಂದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಹೊಸ ಮುಖ ಕಂಡರೆ ಊರು, ಮನೆತನ ಒಂದನ್ನೂ ವಿಚಾರಿಸುವುದಿಲ್ಲ. ಕೈಮುಗಿದು ಇಷ್ಟೇ ಕೇಳುತ್ತಾರೆ: "ಯಾರ ಸಲುವಾಗಿ ಪ್ರಾರ್ಥನಿ ಮಾಡಬೇಕವ್ವಾ?"