ಎಲೆ ಬಿಟ್ಟ ಗಿಡ, ಚಿಪ್ಪು ಬಿಟ್ಟ ಮಂತ್ರಿ

ಒಂದು ರಾಜ್ಯವಿತ್ತು. ಉದ್ದ ಎರಡು ಮೊಳ, ಅಗಲ ಒಂದು ಮೊಳ. ನಾಲ್ಕು ಕಡೆ ಗಾಜು, ಒಳಗೆ ನೀರು. ನಗಬೇಡಿ ಮಕ್ಕಳೇ, ಇದಕ್ಕಿಂತ ಸಣ್ಣ ಜಾಗಕ್ಕೂ ಜನ ಹೊಡೆದಾಡಿದ್ದಾರೆ.

ರಾಜ ಕೆಂಚರಸ, ಕೆಂಪು ಮೀನು. ರಾಣಿ ಮಿಣುಕಮ್ಮ. ಮಂತ್ರಿ ಚಿಮಟಯ್ಯ ಎಂಬ ಏಡಿ. ಗಾಜಿಗೆ ಹತ್ತಿದ ಪಾಚಿ ತಿಂದುಕೊಂಡು ಸಿದ್ದಜ್ಜಿ ಎಂಬ ಬಸವನಹುಳುವೂ ಇದ್ದಳು. ಬೆಳಗ್ಗೆ ಒಂದು ಮೂಲೆ ಬಿಟ್ಟರೆ ಸಂಜೆಗೆ ಇನ್ನೊಂದು ಮೂಲೆ ಮುಟ್ಟುವಳು. ಅವಸರ ಎಂದರೇನೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನೀರು ಮುಗಿದಲ್ಲಿ ಆಕಾಶ. ಆ ಆಕಾಶದಿಂದ ದಿನವೂ ಹಸಿರು ಬಳೆಯ ಕೈಯೊಂದು ಇಳಿದು ಬರುತ್ತಿತ್ತು, ಊಟ ಉದುರಿಸಿ ಮೇಲೆ ಹೋಗುತ್ತಿತ್ತು. ಕೈಯ ಹಿಂದೆ ಏನಿದೆ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಊಟ ಬರುತ್ತಿದ್ದರೆ ಯಾರು ಕೇಳುತ್ತಾರೆ?

ರಾಣಿಗೆ ಒಂದೇ ದುಃಖ. ಮೊಟ್ಟೆ ಇಡುತ್ತಿದ್ದಳು, ಮರುದಿನ ಒಂದೂ ಇರುತ್ತಿರಲಿಲ್ಲ. ನೆಲವೆಲ್ಲ ಬರೀ ಮರಳು, ನಡುವೆ ಒಂದು ಬೋಳು ಕಲ್ಲು, ಬಚ್ಚಿಡಲು ಒಂದು ಎಲೆಯ ಮರೆಯಿಲ್ಲ.

"ನೀರು ಕೊಂಡೊಯ್ತು ತಾಯಿ," ಎನ್ನುತ್ತಿದ್ದ ಮಂತ್ರಿ, ಬಾಯಿ ಒರೆಸಿಕೊಳ್ಳುತ್ತ.

"ನಾಲ್ಕು ಕಡೆ ಗಾಜಿದೆಯಲ್ಲ ಮಗ, ಎಲ್ಲಿಗೆ ಕೊಂಡೊಯ್ತು?" ಎಂದು ಸಿದ್ದಜ್ಜಿ ಕೇಳುತ್ತಿದ್ದಳು. ಆದರೆ ಅವಳ ಮಾತು ಮುಗಿಯುವಷ್ಟರಲ್ಲಿ ಸಭೆ ಮುಗಿದಿರುತ್ತಿತ್ತು.

ಒಂದು ದಿನ ಕೈ ಮೂರು ಗಿಡ ತಂದಿತು. ಬೇರಿಗೆ ಸುತ್ತಿದ್ದ ನಾರನ್ನು ಬಿಡಿಸಿತು. ಬುಡ ಹೂತುಹೋಗದ ಹಾಗೆ ಮರಳಿನಲ್ಲಿ ಮೆಲ್ಲಗೆ ನೆಟ್ಟಿತು. ಹೊಸಬರಿಗೆ ಕಣ್ಣು ಕುಕ್ಕಬಾರದೆಂದು ದೀಪವನ್ನೂ ಬೇಗ ಆರಿಸಿತು. ಉಳಿದ ಬೆಳಕು ಎಲೆಗಳಲ್ಲಿ ಸೋಸಿ ಹಸಿರಾಯಿತು. ನೆರಳು ತೂಗಿತು, ನೀರು ತೂಗಿತು, ಮೀನುಗಳು ನಿದ್ದೆಯಲ್ಲಿ ನಡೆಯುವವರಂತೆ ಈಜಿದವು.

ರಾಣಿ ಒಂದು ಗಿಡವನ್ನು ಕೇಳಿದಳು: "ನಿನ್ನ ಎಲೆಯಡಿ ಮೊಟ್ಟೆ ಇಡಲಾ ತಾಯಿ?"

"ಈಗಲೇ ಬೇಡಮ್ಮ," ಎಂದಿತು ಗಿಡ. "ನಾನು ಕಾಲು ನೀರಲ್ಲಿಟ್ಟು ತಲೆ ಗಾಳಿಯಲ್ಲಿಟ್ಟು ಬೆಳೆದವಳು. ಈ ಎಲೆ ಗಾಳಿಯವು, ಇಲ್ಲಿ ನಿಲ್ಲಲ್ಲ, ಕರಗಿ ಹೋಗ್ತವೆ. ಆಮೇಲೆ ನೀರಿನ ಎಲೆ ಬರುತ್ತೆ. ಅಲ್ಲೀವರೆಗೆ ನನ್ನ ಮುಟ್ಟಬೇಡಿ, ಅಷ್ಟೇ."

ಕಲ್ಲಿನ ಹಿಂದೆ ನಿಂತಿದ್ದ ಮಂತ್ರಿ ಇದನ್ನು ಕೇಳಿಸಿಕೊಂಡ. ಎಲೆ ಬಂದರೆ ಮರೆ, ಮರೆಯಾದರೆ ಮೊಟ್ಟೆ ಸಿಗದು. ಲೆಕ್ಕ ಸುಲಭವಿತ್ತು.

ಕೆಲವು ದಿನಕ್ಕೆ ಎಲೆಗಳು ಬಿಳಿಚಿಕೊಂಡವು, ತೂತು ಬಿದ್ದವು, ಲೋಳೆಯಾದವು. ಮಂತ್ರಿ ರಾಜನ ಮುಂದೆ ಹೋಗಿ ನಿಂತ.

"ಗಿಡ ಸತ್ತಿದೆ ಪ್ರಭು. ಮೈಮೇಲಿನದನ್ನ ಕಳಚಿದ್ದು ಸತ್ತಂತೇ ಲೆಕ್ಕ. ಅನುಮಾನ ಇದ್ದರೆ ಎಳೆದು ನೋಡೋಣ. ಬದುಕಿದ್ದರೆ ಬೇರು ಹಿಡಿದಿರುತ್ತೆ."

ರಾಜನಿಗೆ ಪರೀಕ್ಷೆಗಳೆಂದರೆ ಇಷ್ಟ. ಗಿಡ ಹೇಳಿದ್ದು ರಾಣಿಗೆ ಆಗ ನೆನಪಾಗಲಿಲ್ಲ. ಮಂತ್ರಿ ಎಳೆದ. ಮೊನ್ನೆ ಮೊನ್ನೆ ನೆಟ್ಟ ಗಿಡ, ಬಾರದೆ ಇನ್ನೇನು? ಕಿತ್ತು ಬಂತು, ಮೇಲೆ ತೇಲಿತು. ಕೈ ಅದನ್ನು ಎತ್ತಿಕೊಂಡು ಹೋಯಿತು. ಮಂತ್ರಿಯ ಮಾತನ್ನೇ ರಾಜ ಕಾನೂನು ಮಾಡಿದ: ಮೈಮೇಲಿನದನ್ನು ಕಳಚಿದ್ದು ಸತ್ತಂತೆ.

ಎರಡನೆಯ ಗಿಡಕ್ಕೂ ಹಾಗೇ ಆಯಿತು. ಎಳೆದ, ಬಂತು, ತೇಲಿತು.

ಮೂರನೆಯದರ ಬಳಿ ಮಂತ್ರಿ ಹೋದಾಗ ಬುಡದ ಮೇಲೆ ಸಿದ್ದಜ್ಜಿ ಕೂತಿದ್ದಳು.

"ಏಳಜ್ಜಿ, ಗಿಡ ಕೀಳಬೇಕು. ಕೊಳೆತ ಎಲೆಯಿಂದ ನೀರು ಕೆಡುತ್ತೆ."

"ಕೊಳೆತದ್ದನ್ನ ನಾನು ತಿಂತಿದ್ದೀನಲ್ಲ ಮಗ. ಕೆಡೋದಕ್ಕೆ ಏನುಳಿದಿದೆ?"

"ರಾಜಾಜ್ಞೆ. ಏಳು."

"ಏಳ್ತಿದ್ದೀನಪ್ಪ."

ಮಾರನೆಯ ದಿನ ಬಂದ. "ಇನ್ನೂ ಎದ್ದಿಲ್ವಾ?"

"ಏಳ್ತಿದ್ದೀನಲ್ಲ, ಕಾಣಲ್ವಾ?"

ಮತ್ತೆ ಬಂದ. "ಅಜ್ಜಿ!"

"ವಯಸ್ಸಾದವರನ್ನ ಹಾಗೆ ದಬಾಯಿಸಬಾರದು ಮಗ. ಏಳ್ತಿದ್ದೀನಿ ಅಂದೆನಲ್ಲ."

ಅವಳು ಏಳುತ್ತಲೇ ಇದ್ದಳು. ಅವಳ ಹೊಟ್ಟೆಯಡಿ, ಮರಳಿನ ಕತ್ತಲಲ್ಲಿ, ಬಿಳಿಯ ಬೇರುಗಳು ಸದ್ದಿಲ್ಲದೆ ಇಳಿದವು. ನಡುವಿನಿಂದ ಎಳೆಯ ಎಲೆಗಳು ಸುರುಳಿ ಬಿಚ್ಚಿದವು. ತೆಳ್ಳಗೆ, ಮೆತ್ತಗೆ, ನೀರಿನವೇ ಎಲೆಗಳು.

ಅಷ್ಟರಲ್ಲಿ ಮಂತ್ರಿಯ ಚಿಪ್ಪು ಬಿಗಿಯಾಯಿತು. ಕದ್ದು ತಿಂದರೂ ಮೈ ಬೆಳೆಯುತ್ತದೆ. ಏಡಿ ಬೆಳೆದರೆ ಚಿಪ್ಪು ಕಳಚಲೇಬೇಕು. ಹೊಸದು ಗಟ್ಟಿಯಾಗುವವರೆಗೆ ಮೈ ಬೆಣ್ಣೆಯಂತಿರುತ್ತದೆ, ಯಾವ ಮೀನು ಕಚ್ಚಿದರೂ ಮುಗಿಯಿತು. ಮಂತ್ರಿ ಬಯಲಿನಲ್ಲಿ ಚಿಪ್ಪು ಬಿಟ್ಟು, ಆ ರಾಜ್ಯದಲ್ಲಿ ಮೇಲಿನಿಂದಲೂ ಮುಚ್ಚುವ ಒಂದೇ ಮರೆಯೊಳಗೆ ನುಸುಳಿದ. ಮೂರನೆಯ ಗಿಡದ ಹೊಸ ಎಲೆಗಳ ಅಡಿಗೆ.

ಸಿದ್ದಜ್ಜಿ ನೋಡಿದಳು. ಅಂದು ಮಾತ್ರ ಎದ್ದಳು.

"ಪ್ರಭು, ಮಂತ್ರಿ ಹೋಗಿಬಿಟ್ಟ. ಅಗೋ, ಹೆಣ ಬಿದ್ದಿದೆ."

ರಾಜ ಬಂದು ನೋಡಿದ. ಕಾಲು, ಕೊಂಡಿ, ಕಣ್ಣಿನ ಗೂಡು ಎಲ್ಲ ಇದೆ, ಒಳಗೆ ಯಾರೂ ಇಲ್ಲ. "ಕಳಚಿದ್ದಾನೆ. ಕಾನೂನಿನ ಪ್ರಕಾರ ಸತ್ತ," ಎಂದ.

"ಪಾಪ, ಅವನ ಕೊನೆ ಆಸೆ ಒಂದು ಬಾಕಿ ಇತ್ತು," ಎಂದಳು ಸಿದ್ದಜ್ಜಿ. "ಈ ಗಿಡ ಕೀಳಿಸೋದು. ನಡೆಸಿಬಿಡಿ. ಇದೂ ಎಲೆ ಕಳಚಿದ್ದೇ ಅಲ್ವಾ?"

ಮೀನುಗಳು ಗಿಡದ ಸುತ್ತ ನೆರೆದವು. ಒಂದು ಮೀನು ದಂಟನ್ನು ಬಾಯಲ್ಲಿ ಹಿಡಿಯಿತು. ಎಲೆಯಡಿಯಿಂದ ದನಿ ಬಂತು.

"ಕೀಳಬೇಡಿ! ನಾನಿಲ್ಲೇ ಇದ್ದೀನಿ. ಸತ್ತಿಲ್ಲ. ಹಳೇದು ಬಿಟ್ಟಿದ್ದೀನಿ, ಹೊಸದು ಬರ್ತಿದೆ. ಸ್ವಲ್ಪ ದಿನ ಮುಟ್ಟಬೇಡಿ, ಅಷ್ಟೇ."

"ಈ ಮಾತನ್ನ ಎಲ್ಲೋ ಕೇಳಿದ್ದೀನಿ," ಎಂದಳು ರಾಣಿ.

ದಂಟು ಹಿಡಿದಿದ್ದ ಮೀನು ಬಾಯಿ ಬಿಟ್ಟಿತು. ಎಲೆಗಳು ತೂಗಿದವು.

"ಕಳಚಿದ್ದು ಸತ್ತಂತೆ ಅಂತ ನೀನೇ ಹೇಳಿದ್ದು," ಎಂದಳು ರಾಣಿ. "ಅದು ನಿಜವಾದರೆ ನೀನು ಹೆಣ. ಸುಳ್ಳಾದರೆ ಬದುಕಿದ್ದ ಎರಡು ಗಿಡ ಕಿತ್ತೆ. ಯಾಕೆ ಕಿತ್ತೆ ಹೇಳು."

ಮಂತ್ರಿ ಸುತ್ತಲಿನ ಬಾಯಿಗಳನ್ನು ನೋಡಿದ. ತನ್ನ ಬೆಣ್ಣೆಯಂಥ ಮೈ ನೋಡಿಕೊಂಡ. "ಮರೆ ಇಲ್ಲದಿದ್ದರೆ ಮೊಟ್ಟೆ ಸಿಗ್ತಿತ್ತು ತಾಯಿ," ಎಂದ.

ರಾಜ ಕಾನೂನು ಅಳಿಸಿದ. ಅದು ಯಾರ ಕಾನೂನು ಎಂಬುದನ್ನು ಆಗಲೇ ಮರೆತಿದ್ದ. ರಾಣಿ ಮರೆಯಲಿಲ್ಲ. ಚಿಪ್ಪು ಗಟ್ಟಿಯಾಗುವವರೆಗೆ ಏಡಿಯನ್ನು ಯಾರೂ ಮುಟ್ಟಬಾರದೆಂದಳು. ಗಟ್ಟಿಯಾದ ದಿನವೇ ಮಂತ್ರಿ ಪದವಿ ಕಿತ್ತು ಕಲ್ಲಿನಾಚೆಗೆ ಅಟ್ಟಿದಳು. ಗಿಡದ ಕಾವಲಿಗೆ ಸಿದ್ದಜ್ಜಿ ಕೂತಳು. ಅವಳನ್ನು ಎಬ್ಬಿಸುವುದು ಯಾರಿಂದಲೂ ಆಗದೆಂದು ಆಗಲೇ ಸಾಬೀತಾಗಿತ್ತಲ್ಲ.

ಗಿಡ ಮರಿ ಹಾಕಿತು. ಅದರ ಎಲೆಯಡಿ ರಾಣಿಯ ಮೊಟ್ಟೆಗಳು ಒಡೆದು, ಕಣ್ಣಷ್ಟೇ ಕಾಣುವ ಮರಿಗಳು ಹಸಿರು ಬೆಳಕಿನಲ್ಲಿ ತೇಲಿದವು.

ನೀತಿ ಇಷ್ಟೇ. ಹೊಸ ನೀರಿಗೆ ಬಂದವರು ಮೊದಲು ಹಳೆಯ ಎಲೆ ಬಿಡುತ್ತಾರೆ, ಅದು ಸಾವಲ್ಲ. ಬೇರು ಬಿಟ್ಟಿದೆಯೇ ಎಂದು ಕಿತ್ತು ನೋಡುವವನನ್ನು ದೂರವಿಡಿ. ಅವನಿಗೆ ಬೇಕಾಗಿರುವುದು ಬೇರಿನ ಸುದ್ದಿಯಲ್ಲ.

ಆ ರಾಜ್ಯ ಇನ್ನೂ ಅಲ್ಲೇ ಇದೆ. ನೋಡಲು ಹೋದರೆ ಗಾಜು ತಟ್ಟಬೇಡಿ.