ಹಲ್ಲಿಯ ಆಕ್ಷೇಪಣೆ

ಕೋಳಿಗೂಡಿನ ಮರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಕೋಳಿಗಳು ಸಭೆ ಸೇರಿದಾಗ ಬೆಕ್ಕು ವಾದ ಮಂಡಿಸಿತು: "ನಾಯಿ ಕಾವಲಿಗೆ ಬಂದ ಮೇಲೆ ಮರಿಗಳು ಮಾಯವಾಗುತ್ತಿವೆ. ಆದ್ದರಿಂದ ತಿನ್ನುತ್ತಿರುವುದು ನಾಯಿಯೇ."

"ಈ ವಾದವನ್ನು ಸಡಿಲಿಸುವ ಮಾತು ಯಾರ ಬಳಿಯಾದರೂ ಇದೆಯೇ?" ಎಂದು ಹಿರಿಯ ಹೇಂಟೆ ಕೇಳಿತು.

"ನಾಯಿ ಬಹಳ ಒಳ್ಳೆಯದು," ಎಂದಿತು ಬಾತುಕೋಳಿ.

"ಒಳ್ಳೆಯವರಿಗೂ ಹಸಿವಾಗುತ್ತದೆ. ಮುಂದೆ?" ಎಂದಿತು ಹೇಂಟೆ.

"ಬೆಕ್ಕು ಹಾಲು ಕದಿಯುತ್ತದೆ," ಎಂದಿತು ಮೇಕೆ.

"ವಿಚಾರಣೆ ಮರಿಗಳದ್ದು, ಹಾಲಿನದ್ದಲ್ಲ."

ಗೋಡೆಯ ಮೇಲಿದ್ದ ಹಲ್ಲಿಗೆ ಮಾತ್ರ ಸರಿಯಾದ ಉತ್ತರ ಗೊತ್ತಿತ್ತು. ಯಜಮಾನ ನಾಯಿಯನ್ನು ಹೊಲಕ್ಕೆ ಕರೆದೊಯ್ದಿದ್ದ ದಿನವೂ ಒಂದು ಮರಿ ಹೋಗಿತ್ತು.

"ಬೇರೆ ಆಕ್ಷೇಪಣೆ ಇಲ್ಲ ತಾನೇ? ಹಾಗಾದರೆ ನಾಯಿಯೇ ಕಳ್ಳ," ಎಂದಿತು ಬೆಕ್ಕು.

ಆಕ್ಷೇಪಿಸಲು ಹಲ್ಲಿ ಗಂಟಲು ಸರಿಮಾಡಿಕೊಂಡಿತು. "ಲೊಚ್, ಲೊಚ್."

"ಹಲ್ಲಿ ನುಡಿಯಿತು! ಬೆಕ್ಕು ಆಡಿದ ಮಾತು ಸತ್ಯ!" ಎಂದು ಕೋಳಿಗಳೆಲ್ಲ ಕೂಗಿದವು. ಆ ಗದ್ದಲದಲ್ಲಿ ಹಲ್ಲಿಯ ಉಳಿದ ಮಾತು ಯಾರಿಗೂ ಕೇಳಿಸಲಿಲ್ಲ. ನಾಯಿಯನ್ನು ಹೊರಹಾಕಿ, ಕಾವಲನ್ನು ಬೆಕ್ಕಿಗೇ ವಹಿಸಿದವು.

ಸಂಜೆ ಬೆಕ್ಕು ಗೂಡಿನೊಳಗೆ ಬಂದು ಬಾಗಿಲು ಎಳೆದುಕೊಂಡಿತು.

"ಇನ್ನು ನಮಗೆ ಭಯವಿಲ್ಲ, ಮಲಗಿ," ಎಂದು ಹೇಂಟೆ ಮರಿಗಳಿಗೆ ಹೇಳಿತು.

ಬೇಡ ಎನ್ನಲು ಹಲ್ಲಿ ಬಾಯಿ ತೆರೆಯಿತು. "ಲೊಚ್, ಲೊಚ್."

"ಕೇಳಿದಿರಾ?" ಎಂದು ಹೇಂಟೆ ನೆಮ್ಮದಿಯಿಂದ ಕಣ್ಣು ಮುಚ್ಚಿತು.