ಕಣ್ಬಟ್ಟೆ ಬಸವಣ್ಣ

ಕುಸುಬಿಹಾಳಕ್ಕೂ ಜೇಡರಕೋಟೆಗೂ ನಡುವಿನ ಹೆದ್ದಾರಿಯಲ್ಲಿ, ಎರಡೂ ನಗರಗಳಿಗೆ ಸಮದೂರದ ಒಂದು ದಿಬ್ಬದ ಮೇಲೆ ಚಿಕ್ಕ ಗುಡಿಯಿದೆ. ಒಳಗೆ ಆಳೆತ್ತರದ ಕಲ್ಲಿನ ಎತ್ತು, ಬಸವಣ್ಣ. ಅವನ ಕಣ್ಣಿಗೆ ಸದಾ ಒಂದು ಬಟ್ಟೆ ಕಟ್ಟಿರುತ್ತದೆ, ಆದ್ದರಿಂದಲೇ ಕಣ್ಬಟ್ಟೆ ಬಸವಣ್ಣ ಎಂದು ಹೆಸರು. ಬಸ್ಸು ಇಲ್ಲಿಗೆ ಬರುವಷ್ಟರಲ್ಲಿ ಪ್ರಯಾಣಿಕರ ವಾದ ಕಾವೇರಿರುತ್ತದೆ. ಒಬ್ಬರು ಕುಸುಬಿಹಾಳದ ಎಣ್ಣೆ ಗಿರಣಿಗಳನ್ನೂ ಲಾರಿಗಳ ಸಾಲನ್ನೂ ಹೊಗಳಿದರೆ, ಇನ್ನೊಬ್ಬರು ಜೇಡರಕೋಟೆಯ ಜವಳಿ ಮಳಿಗೆಗಳ ಮುಂದೆ ಅದೆಲ್ಲ ಯಾವ ಲೆಕ್ಕ ಎನ್ನುತ್ತಾರೆ. ನಾನು ಹುಟ್ಟಿದ್ದು ಒಂದು ಊರಿನಲ್ಲಿ, ಮಾವನ ಮನೆ ಇನ್ನೊಂದರಲ್ಲಿ. ಬಾಯಿ ಬಿಡದೆ ಕುಳಿತಿರುತ್ತೇನೆ.

ಈ ಜಗಳ ಇಂದಿನದಲ್ಲ. ಹಿಂದೆ ಒಮ್ಮೆ ಈ ಸೀಮೆಯನ್ನು ಆಳುತ್ತಿದ್ದ ದೇಸಾಯಿಯು ಒಂದು ದೊಡ್ಡ ವಾರದ ಸಂತೆ ಕಟ್ಟಿಸಲು ಬಯಸಿದನಂತೆ. ಯಾವ ಊರಿನಲ್ಲಿ ದುಡಿಮೆ ಹೆಚ್ಚೋ ಆ ಊರಿಗೆ ಸಂತೆ ಎಂದು ಡಂಗುರ ಸಾರಿಸಿ, ಒಂದೇ ದಿನ ಎರಡನ್ನೂ ನೋಡಲು ಹೊರಟನು. ಎರಡೂ ಊರಿನ ಹಿರಿಯರಿಗೆ, ಬೇರೆ ಬೇರೆಯಾಗಿಯೇ, ಒಂದೇ ಬುದ್ಧಿ ಹೊಳೆಯಿತು: ಆ ದಿನ ಎದುರೂರಿನ ಒಂದು ವಸ್ತುವೂ ದೇಸಾಯಿಯ ಕಣ್ಣಿಗೆ ಬೀಳಬಾರದು, ಬಿದ್ದರೆ ಅವರ ಹಂಗಿನಲ್ಲಿದ್ದೇವೆಂದು ತಿಳಿದಾನು! ಕುಸುಬಿಹಾಳದ ಹಿರಿಯ ಸಿದ್ರಾಮಶೆಟ್ಟಿ ಊರಿಗೆಲ್ಲ ಒಳ್ಳೆಯದೆಂದು ಹೆಸರಾಗಿದ್ದ ಗುರುಬಾಳವ್ವನ ಗಾಣವನ್ನು ತೋರಿಸಲು ಆರಿಸಿ, ಆಕೆಗೊಂದು ಬೆದರಿಕೆಯನ್ನೂ ಹಾಕಿಹೋದನು. “ನಿನ್ನ ಗಾಣದಿಂದ ಸಂತಿ ಕೈತಪ್ಪಿತೋ, ಗಾಣ ಕಿತ್ತಿಸಿ ಒಲಿಗೆ ಹಾಕಿಸ್ತೀನಿ ನೋಡು.” ಆಕೆಗೆ ಇದ್ದದ್ದು ಆ ಗಾಣ, ಒಂದು ಎತ್ತು, ಇಬ್ಬರು ಹೆಣ್ಣುಮಕ್ಕಳು, ಅಷ್ಟೇ.

ಬೆಳಿಗ್ಗೆ ದೇಸಾಯಿ ಮೊದಲು ಜೇಡರಕೋಟೆಗೆ ಹೋದನು. ಅಲ್ಲಿ ನೂಲಿಗೆ ಹಚ್ಚುವ ಗಂಜಿಗೆ ತುಸು ಎಣ್ಣೆ ಬೆರೆಸುವುದು ವಾಡಿಕೆ, ಆದರೆ ಎಣ್ಣೆ ಕುಸುಬಿಹಾಳದ್ದೆಂದು ಅಂದು ಬೆರೆಸಿರಲಿಲ್ಲ. ಅದಿಲ್ಲದೆ ಒಣಗಿದ ನೂಲು ಲಾಳಿ ಎಸೆದಂತೆಲ್ಲ ಪಟಪಟನೆ ಹರಿಯಿತು. ನೇಕಾರರು ನೇಯ್ದದ್ದಕ್ಕಿಂತ ಗಂಟು ಹಾಕಿದ್ದೇ ಹೆಚ್ಚು. ದೇಸಾಯಿ ಮೀಸೆಯಡಿಯಲ್ಲಿ ನಕ್ಕು ಕುದುರೆ ಹತ್ತಿದನು.

ಮಧ್ಯಾಹ್ನ ಕುಸುಬಿಹಾಳದ ಸರದಿ. ಗಾಣದೆತ್ತಿಗೆ ಕಣ್ಣು ಕಟ್ಟಬೇಕು, ಕಟ್ಟುವ ಬಟ್ಟೆ ಜೇಡರಕೋಟೆಯದು. ಸಿದ್ರಾಮಶೆಟ್ಟಿ ಅದನ್ನೆಲ್ಲ ಮೊದಲೇ ಬಿಚ್ಚಿಸಿದ್ದನು, ಜನ ಉಟ್ಟ ಬಟ್ಟೆಯ ನೆನಪು ಮಾತ್ರ ಅವನಿಗಾಗಿರಲಿಲ್ಲ. ಗುರುಬಾಳವ್ವನ ಎತ್ತು ಎರಡು ಸುತ್ತು ಬಂದಿತು. ಎಷ್ಟು ನಡೆದರೂ ಅದೇ ಗೋಡೆ, ಅದೇ ಗೂಟ ಎಂದು ಕಂಡದ್ದೇ ತಡ, ಜಪ್ಪಯ್ಯ ಎಂದರೂ ಹೆಜ್ಜೆ ಕೀಳಲಿಲ್ಲ. ಬಾಲ ತಿರುವಿದರು, ಬೆಲ್ಲ ತೋರಿಸಿದರು, ಬೆಲ್ಲ ತಿಂದು ನಿಂತಿತು! ಗುರುಬಾಳವ್ವನ ಕಣ್ಣಲ್ಲಿ ನೀರಾಡಿತು. ಮರುಕ್ಷಣ ಆಕೆ ತಾನುಟ್ಟ ಸೀರೆಯ ಸೆರಗನ್ನೇ ಪರ್ರನೆ ಹರಿದು, ದೇಸಾಯಿಯ ಎದುರಿಗೇ ಎತ್ತಿನ ಕಣ್ಣಿಗೆ ಕಟ್ಟಿದಳು. ಎತ್ತು ನಡೆಯಿತು, ಎಣ್ಣೆ ಇಳಿಯಿತು.

“ಊರ ಮಾನ ಕಳದಿ!” ಎಂದು ಶೆಟ್ಟಿ ಹಲ್ಲು ಕಡಿದನು.

“ಇದು ಜೇಡರಕೋಟಿ ಸೀರಿ ಐತ್ರೀ ಧಣಿ,” ಎಂದು ಆಕೆ ದೇಸಾಯಿಗೇ ಹೇಳಿದಳು. “ಅವರ ಬಟ್ಟಿ ಇಲ್ಲದ ನಮ್ಮ ಎತ್ತು ನಡ್ಯಾಂಗಿಲ್ಲ. ಬೇಕಾದ್ರ ಗಾಣ ಕಿತ್ತಿಸ್ರಿ, ಸುಳ್ಳು ಮಾತ್ರ ನಾ ಹೇಳಾಂಗಿಲ್ಲ.”

ದೇಸಾಯಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಬೆಳಿಗ್ಗೆ ಕಂಡ ನೂಲಿನ ಪಾಡನ್ನು ಊರ ಮುಂದೆ ಬಿಚ್ಚಿ ಹೇಳಿ, ಒಂದರ ದುಡಿಮೆಯಿಂದ ಇನ್ನೊಂದರದನ್ನು ಬೇರ್ಪಡಿಸಿ ಅಳೆಯುವುದು ತನ್ನಿಂದಾಗದೆಂದನು. ಆಕೆಯ ಗಾಣವನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆಯಾಯಿತು. ಸಂತೆಯು ಎರಡೂ ಊರುಗಳ ನಡುವಿನ ಈ ಬಸವಣ್ಣನ ದಿಬ್ಬದ ಮೇಲೆ ಕೂಡಿತು. ಮೊದಲ ಸಂತೆಯ ದಿನ ಅಷ್ಟು ಜನರ ನಗುವಿನ ನಡುವೆ ಗುರುಬಾಳವ್ವ ಆ ಸೆರಗಿನ ಚೂರನ್ನು ಕಲ್ಲಿನ ಬಸವಣ್ಣನಿಗೆ ಕಟ್ಟಿ, “ಯಾವೂರು ದೊಡ್ಡದು ಅಂತ ನೀನೂ ನೋಡಬ್ಯಾಡಪ್ಪಾ” ಎಂದಳು ಎನ್ನುತ್ತಾರೆ.

ಇಂದಿಗೂ ಸೋಮವಾರದ ಸಂತೆಗೆ ಹೋದವರು ನೋಡಬಹುದು. ಎಣ್ಣೆಯ ಊರಿನವರು ಬಸವಣ್ಣನ ಕಣ್ಣಿಗೆ ಕಟ್ಟಲು ಹೊಸ ಬಟ್ಟೆ ಹಿಡಿದು, ನೇಕಾರರ ಊರಿನವರು ದೀಪಕ್ಕೆ ಎಣ್ಣೆ ಹೊತ್ತು, ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.